ಹತ್ತೂಕಾಲಿನ ಪಾಠ

ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು. ಭಾಷೆಗಳ ವಿಷಯ ಬರೆಯಲು ನಮ್ಮ ವಿಭಾಗದಲ್ಲಿ ದೊಡ್ಡ ದೊಡ್ಡ ಪದವಿ ಪಡೆದವರಿದ್ದಾರೆ. ನಾನು ಹಗಲು ಹೊಲಿಗೆ ಕಾರ್ಖಾನೆಯಲ್ಲಿ ದುಡಿದು, ಸಂಜೆ ಶಾಲೆಯಲ್ಲಿ ಓದಿ, ಆಮೇಲೆ ಈ ಕಚೇರಿಗೆ ಗುಮಾಸ್ತೆಯಾಗಿ ಬಂದವಳು. ಆದರೆ ತಪ್ಪು ನನ್ನದು. ಬೇರೆಯವರು ಹೇಳಿದರೆ ನನ್ನ ಮೇಲಿನ ಕನಿಕರದಿಂದ ಅದನ್ನು ಸಣ್ಣದು ಮಾಡಿಬಿಡುತ್ತಾರೆ. ಅದಕ್ಕಾಗಿ ನಾನೇ ಬರೆಯುತ್ತಿದ್ದೇನೆ, ಕ್ಷಮಿಸಬೇಕು.

ಎಸ್ಟೋನಿಯಾದ ನಮ್ಮ ವಿಶ್ವವಿದ್ಯಾಲಯ, ಫಿನ್ಲೆಂಡಿನದೊಂದು, ಹಂಗೇರಿಯದೊಂದು, ಮೂರೂ ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ನಮ್ಮ ಮೂರು ಭಾಷೆಗಳಿಗೂ ಪೂರ್ವದ ಕಡೆ ಚಿಕ್ಕ ಚಿಕ್ಕ ದಾಯಾದಿ ಭಾಷೆಗಳಿವೆ. ಅವನ್ನು ಕಲಿಯಲು ಒಂದೊಂದು ಊರಿನಲ್ಲಿ ಇಬ್ಬರೋ ಮೂವರೋ ಸಿಕ್ಕರೆ ಹೆಚ್ಚು. ಹಾಗಾಗಿ ಒಂದೊಂದು ವಿಶ್ವವಿದ್ಯಾಲಯ ಒಂದೊಂದು ಭಾಷೆಯನ್ನು ವಹಿಸಿಕೊಳ್ಳುವುದು, ಮೂರೂ ಕಡೆಯ ವಿದ್ಯಾರ್ಥಿಗಳು ಪರದೆಯ ಮೂಲಕ ಒಂದೇ ತರಗತಿಯಲ್ಲಿ ಕೂಡುವುದು. ನಮ್ಮ ಪಾಲಿಗೆ ಬಂದದ್ದು ಮಾರಿ ಭಾಷೆ. ಕಲಿಸುವವರು ಐವೀಕಾ, ಅರವತ್ತೊಂದು ವರ್ಷ, ರಷ್ಯಾದ ವೋಲ್ಗಾ ನದಿಯ ಆಚೆಯ ಹಳ್ಳಿಯವರು. ಅವರ ಭಾಷೆಯಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ ನಾವೆಲ್ಲ ಅವರನ್ನು ‘ಅಕಾಯ್’ ಎನ್ನುತ್ತಿದ್ದೆವು.

ಒಪ್ಪಂದದಲ್ಲಿ ಒಂದು ನಿಯಮವಿತ್ತು. ಮೊದಲ ತರಗತಿಗೆ ಎಂಟು ಜನ ಬರಬೇಕು. ಬರದಿದ್ದರೆ ಆ ಪಾಠ ಮುಚ್ಚುತ್ತದೆ. ಹೋದ ವರ್ಷ ಹೆಸರು ಕೊಟ್ಟವರು ಹನ್ನೆರಡು, ಬಂದವರು ಎಂಟೇ. ಈ ಸಲ ಹೆಸರು ಕೊಟ್ಟವರೇ ಒಂಬತ್ತು: ಇಲ್ಲಿಯ ಮೂವರು, ಫಿನ್ಲೆಂಡಿನ ಇಬ್ಬರು, ಹಂಗೇರಿಯ ನಾಲ್ವರು. ಮಾರಿ ಪಾಠ ನಿಂತರೆ ಅಕಾಯ್‌ಗೆ ಇಲ್ಲಿ ಬೇರೆ ಕೆಲಸವಿರಲಿಲ್ಲ.

ನಮ್ಮ ವಿಶ್ವವಿದ್ಯಾಲಯದಲ್ಲಿ ವೇಳಾಪಟ್ಟಿ ಹತ್ತು ಗಂಟೆ ಎಂದರೆ ಪಾಠ ಶುರುವಾಗುವುದು ಹತ್ತೂಕಾಲಿಗೆ. ಹಳೆಯ ವಾಡಿಕೆ. ಆ ಕಾಲು ಗಂಟೆಯನ್ನು ಯಾರೂ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತು. ಜಂಟಿ ವೇಳಾಪಟ್ಟಿ ಬರೆಯಲು ಕುಳಿತಾಗ ನನಗೆ ದಿಗಿಲಾಯಿತು. ಹೊರಗಿನವರಿಗೆ ಇದು ಗೊತ್ತಿರದಿದ್ದರೆ? ಅವರು ಹತ್ತಕ್ಕೇ ಬಂದು ಖಾಲಿ ಕೋಣೆ ನೋಡಿ ಹೋಗಿಬಿಟ್ಟರೆ? ಹಂಗೇರಿಯ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಅದನ್ನು ಮೂರು ಸಲ ಲೆಕ್ಕ ಹಾಕಿ ನೋಡಿ, ಅವರಿಗೆ ‘ಒಂಬತ್ತೂಕಾಲು’ ಎಂದು ಸ್ಪಷ್ಟವಾಗಿ ಬರೆದೆ. ಅಷ್ಟು ಜಾಗ್ರತೆ ವಹಿಸಿದೆನೆಂದು ಅವತ್ತು ನನಗೆ ಸಮಾಧಾನವೂ ಆಗಿತ್ತು.

ಫೆಬ್ರವರಿಯ ಎರಡನೆಯ ಮಂಗಳವಾರ. ಹತ್ತೂಕಾಲಿಗೆ ಅಕಾಯ್ ಹಲಗೆಯ ಮೇಲೆ ಮೊದಲ ಪಾಠದ ಹತ್ತು ಪದ ಬರೆದು ತಿರುಗಿದರು. ನಮ್ಮ ಮೂವರು ಬೆಂಚಿನಲ್ಲಿದ್ದರು. ಫಿನ್ಲೆಂಡಿನ ಇಬ್ಬರನ್ನು ಒಪ್ಪಂದದ ಮೇಲ್ವಿಚಾರಕ ರೌನೋ ತಾನೇ ಪಕ್ಕದಲ್ಲಿ ಕೂರಿಸಿಕೊಂಡು ಪರದೆಯ ಮೇಲಿದ್ದ. ಹಂಗೇರಿಯ ಚೌಕ ಕಪ್ಪಾಗಿತ್ತು.

“ಐದು ಜನ,” ಎಂದ ರೌನೋ. “ಹಂಗೇರಿಯಿಂದ ಯಾರೂ ಇಲ್ಲ. ಇನ್ನೊಂದ್ ಸ್ವಲ್ಪ ಕಾಯೋಣ್ವಾ?”

“ಬರ್ದೇ ಇರೋರನ್ನ ಕಾಯೋದ್ಯಾಕೆ?” ಎಂದರು ಅಕಾಯ್. “ಹೋದ್ ವರ್ಷಾನೂ ಕಾದಿದ್ವಲ್ಲ.”

ಆದರೂ ಹತ್ತು ನಿಮಿಷ ಕಾದೆವು. ಆಮೇಲೆ ರೌನೋ, “ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?” ಎಂದು ಕೇಳಿದ. ನಮ್ಮ ಜನ ಇಂಥ ಪ್ರಶ್ನೆಗೆ ಬಾಯಿ ಬಿಡುವುದಿಲ್ಲ. ಸುಮ್ಮನಿದ್ದರೆ ಒಪ್ಪಿದಂತೆ. ಮೂವರೂ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ರೌನೋ ಎಣಿಕೆ ಬರೆದುಕೊಂಡು ಪರದೆಯಿಂದ ಹೋದ. ಯಾವಾಗಲೂ ಹಲಗೆಯನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿಯೇ ಹೋಗುವ ಅಕಾಯ್ ಅವತ್ತು ಒರೆಸದೆ ಕೋಟು ಹಾಕಿಕೊಂಡರು. ಅವರ ಹಿಂದೆಯೇ ಮೆಟ್ಟಿಲಿನ ತನಕ ಹೋದ ನಾನು ಕ್ಯಾಮೆರಾ ಆರಿಸುವುದನ್ನು ಮರೆತೆ.

ಮಧ್ಯಾಹ್ನ ಒಂದು ಪತ್ರ ಬಂತು. ಎನಿಕೋ ಎಂಬ ಹಂಗೇರಿಯ ವಿದ್ಯಾರ್ಥಿನಿ ಬರೆದಿದ್ದಳು. “ನಾವು ನಾಲ್ವರೂ ಸರಿಯಾದ ಹೊತ್ತಿಗೇ ಬಂದೆವು. ನೀವು ಒಂಬತ್ತೂಕಾಲು ಎಂದು ಬರೆದಿದ್ದಿರಿ, ಅದಕ್ಕೆ ವಾಡಿಕೆಯ ಕಾಲು ಗಂಟೆ ಸೇರಿಸಿ ಒಂಬತ್ತೂವರೆಗೆ ಪರದೆಯ ಮುಂದೆ ಕೂತೆವು. ನಿಮ್ಮ ಕೋಣೆ ಖಾಲಿ ಇತ್ತು. ಇಪ್ಪತ್ತು ನಿಮಿಷ ಕಾದೆವು. ಸುಮ್ಮನೆ ಕೂರುವುದೇಕೆ ಎಂದು ಹಲಗೆಯ ಮೇಲಿದ್ದದ್ದನ್ನು ಬರೆದುಕೊಂಡಿದ್ದೇವೆ. ಸರಿಯಾಗಿದೆಯೇ ನೋಡಿ.” ಜೊತೆಗೆ ನಾಲ್ಕು ಹಾಳೆಗಳ ಚಿತ್ರಗಳಿದ್ದವು.

ಅಲ್ಲಿಯೂ ಅದೇ ವಾಡಿಕೆ ಇದೆ. ಅವರ ಒಂಬತ್ತೂವರೆ ಎಂದರೆ ನಮ್ಮ ಹತ್ತೂವರೆ, ನಾವು ಎದ್ದುಹೋದ ಐದು ನಿಮಿಷಕ್ಕೆ. ನಾನು ಎಲ್ಲವನ್ನೂ ಯೋಚಿಸಿದ್ದೆ, ಕೇಳಿರಲಿಲ್ಲ ಅಷ್ಟೆ. ಮೊದಲು ರೌನೋಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

“ಹೆಲ್ವೆ, ನಲವತ್ತು ವರ್ಷದಿಂದ ನಾನು ಆ ಕಾಲು ಗಂಟೇಲೇ ಕಾಫಿ ಕುಡಿದು ಬದುಕಿದೀನಿ,” ಎಂದ. “ಅದನ್ನ ಕಾಗದದ ಮೇಲೆ ಬರೆದೋರು ನೀವೊಬ್ರೇ.”

“ಕೆಲಸದಿಂದ ತೆಗೀಬೇಕು ಅಂದ್ರೆ ತೆಗೀರಿ. ಪಾಠ ಮುಚ್ಬೇಡಿ.”

“ನಿಮ್ಮನ್ನ ತೆಗ್ಯೋಕೆ ನಾನ್ಯಾರು? ತಪ್ಪು ಏನಾಯ್ತು ಅಂತ ಬರೆದು ಕಳ್ಸಿ. ಗುರುವಾರ ಮೊದಲ ತರಗತಿ ಮತ್ತೆ ಇಟ್ಕೊಳ್ಳಿ, ನಾನೇ ಎಣಿಸ್ತೀನಿ. ಆದ್ರೆ ಐವೀಕಾ ಬೆಳಿಗ್ಗೇನೇ ಪತ್ರ ಕಳ್ಸಿದಾರೆ, ಗೊತ್ತಾ? ಇನ್ನು ಕಲಿಸಲ್ಲವಂತೆ. ಅವರು ಅದನ್ನ ವಾಪಸ್ ತಗೊಳ್ದೆ ನಾನೇನೂ ಮಾಡೋ ಹಾಗಿಲ್ಲ.”

ಐದು ಗಂಟೆಗೆ ಅಕಾಯ್ ಮನೆಗೆ ಹೋದೆ. ಬೂಟು ಕಳಚಿ ಬಾಗಿಲ ಬಳಿ ಇಟ್ಟೆ. ಅವರು ಉಣ್ಣೆಯ ಕಾಲುಚೀಲ ಕೊಟ್ಟು, ಏನೂ ಕೇಳದೆ ಚಹಾ ಇಟ್ಟರು. ಪುಸ್ತಕಗಳು ಆಗಲೇ ಎರಡು ಪೆಟ್ಟಿಗೆ ಸೇರಿದ್ದವು.

“ತಪ್ಪು ನಂದು, ಅಕಾಯ್,” ಎಂದು ಶುರುಮಾಡಿ, ಉಸಿರು ಬಿಡದೆ ಹೇಳಿ ಮುಗಿಸಿದೆ.

ಅವರು ಲೋಟ ತಿರುಗಿಸುತ್ತ ಕುಳಿತರು. “ನೀನು ಒಳ್ಳೇವಳು, ಹೆಲ್ವೆ. ಮುದುಕಿಗೆ ಬೇಜಾರಾಗುತ್ತೆ ಅಂತ ನೀನೂ ರೌನೋನೂ ಕೂತು ಕತೆ ಕಟ್ಟಿದೀರಿ.”

“ಕತೆ ಕಟ್ಟೋ ಅಷ್ಟು ಬುದ್ಧಿ ನನಗೆಲ್ಲಿದೆ?”

“ಅದೂ ನಿಜವೇ.” ಸ್ವಲ್ಪ ನಕ್ಕರು. “ಐದು ಜನ ಅಂದಾಗ ನಂಗೇನೂ ಆಶ್ಚರ್ಯ ಆಗ್ಲಿಲ್ಲ ಕಣೇ. ಅದೇ ನಂಗೆ ಕಷ್ಟವಾಗಿದ್ದು. ನನ್ನೂರಲ್ಲಿ ನನ್ನ ತಮ್ಮನ ಮಕ್ಕಳೇ ಮಾರೀಲಿ ಮಾತಾಡಿಸಿದ್ರೆ ರಷ್ಯನ್‌ನಲ್ಲಿ ಉತ್ತರ ಕೊಡ್ತಾರೆ. ಹಂಗೇರಿಯವರು ಬರ್ಲಿಲ್ಲ ಅಂತ ನಾನ್ಯಾಕೆ ಜಗಳ ಆಡ್ಲಿ? ಕನಿಕರಕ್ಕೆ ಪಾಠ ನಡೆಸೋದು ನಂಗೆ ಬೇಡ.”

ಕಚೇರಿಯಿಂದ ಮುದ್ರಿಸಿ ತಂದಿದ್ದ ನಾಲ್ಕು ಹಾಳೆಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹುಡುಕಲು ಎದ್ದರು. ಅದು ಪೆಟ್ಟಿಗೆಯೊಳಗೆ ಹೋಗಿತ್ತು. ಪುಸ್ತಕಗಳನ್ನು ಒಂದೊಂದಾಗಿ ಹೊರಗೆ ತೆಗೆದು ಅದನ್ನು ಹುಡುಕಬೇಕಾಯಿತು.

ತುಂಬ ಹೊತ್ತು ಓದಿದರು. ಹತ್ತು ಪದ ಓದಲು ಅಷ್ಟು ಹೊತ್ತು ಬೇಡ.

“ಖಾಲಿ ಕೋಣೇನ ನೋಡ್ತಾ ಇಪ್ಪತ್ತು ನಿಮಿಷ ಕೂತಿದ್ರಾ?”

“ಹೂಂ.”

“ಹಲಗೆ ಒರೆಸ್ದೆ ಬಂದಿದ್ದು ನಂಗೆ ಈಗ ನೆನಪಾಗ್ತಿದೆ. ಇದು ಯಾರದ್ದು, ಜೇಡ ನಡೆದ ಹಾಗಿದೆ?”

“ಬೆನ್ಸೆ ಅಂತ. ಕೆಳಗೆ ಹೆಸರಿದೆ ನೋಡಿ.”

“ಇವನು ಪದಗಳ ಪಕ್ಕ ತಮ್ಮ ಭಾಷೆಯ ಪದಾನೂ ಬರ್ಕೊಂಡಿದಾನೆ. ‘ಮೀನು’ ಅನ್ನೋದರ ಮುಂದೆ ಎರಡು ಗೆರೆ ಎಳೆದಿದಾನೆ. ಎರಡೂ ಪದ ಹತ್ತಿರದ ನೆಂಟರು ಅಂತ ಯಾರೂ ಹೇಳ್ಕೊಡದೆ ಕಂಡುಹಿಡ್ದಿದಾನೆ.” ಹಾಳೆ ಕೆಳಗಿಟ್ಟು, “ಇವರಿಗೆ ಏನಂತ ಉತ್ತರ ಬರೆದೆ?” ಎಂದು ಕೇಳಿದರು.

“ಏನೂ ಬರ್ದಿಲ್ಲ. ನಿಮ್ಮನ್ನ ಕೇಳ್ದೆ ಹೇಗೆ ಬರೀಲಿ?”

“ಈಗೊಂದು ಬಾರಿಯಾದ್ರೂ ಕೇಳಿದೆಯಲ್ಲ.” ಅದು ಚುಚ್ಚುಮಾತೇ. ನನಗೆ ತಕ್ಕದ್ದೇ. “ಗುರುವಾರ ಅಂತ ಬರಿ. ಎಷ್ಟು ಗಂಟೆ ಅಂತ ಮಾತ್ರ ನೀನು ಬರೀಬೇಡ, ಆ ಹುಡುಗೀಗೆ ಫೋನ್ ಮಾಡಿ ಬಾಯಲ್ಲಿ ಹೇಳು.”

ಗುರುವಾರ ಒಂಬತ್ತು ಜನ ಬಂದರು. ರೌನೋ ಎರಡು ಸಲ ಎಣಿಸಿ, ಹೆಬ್ಬೆರಳು ಎತ್ತಿ ತೋರಿಸಿ ಹೋದ. ಪಾಠ ನಡೆಯಿತು, ಈಗಲೂ ನಡೆಯುತ್ತಿದೆ. ಈಸ್ಟರ್ ಕಳೆಯುವಷ್ಟರಲ್ಲಿ ಫಿನ್ಲೆಂಡಿನ ಒಬ್ಬ ಬಿಟ್ಟುಹೋದ.

ನನ್ನನ್ನು ಕಾಡುವುದು ಬೇರೆ. ಈ ಒಪ್ಪಂದ ಶುರುವಾದ ಆರು ವರ್ಷಗಳ ವೇಳಾಪಟ್ಟಿಗಳನ್ನೆಲ್ಲ ಬರೆದವಳು ನಾನೇ. ಈಚೆಗೆ ಅವನ್ನು ತೆಗೆದು ನೋಡಿದೆ. ಮೂರು ವರ್ಷ ಇದೇ ದಿಗಿಲಿಗೆ ‘ಕಾಲು’ ಬರೆದಿದ್ದೇನೆ, ಹೋದ ವರ್ಷವೂ; ಉಳಿದ ಮೂರು ವರ್ಷ ಬರೆದಿಲ್ಲ. ಹೋದ ವರ್ಷ ಹೆಸರು ಕೊಟ್ಟು ಬಾರದ ಆ ನಾಲ್ವರು ನಿಜವಾಗಿ ಬಾರದವರೋ, ಪಾಠ ಶುರುವಾದ ಮೇಲೆ ಬಂದು, ತಡವಾಯಿತೆಂದು ಒಳಗೆ ಸೇರದೆ ಹೋದವರೋ? ವಿಳಾಸ ಹುಡುಕಿ ನಾಲ್ವರಿಗೂ ಬರೆದೆ. ಯಾರೂ ಉತ್ತರ ಕೊಡಲಿಲ್ಲ. ನನಗೆ ಗೊತ್ತಿಲ್ಲ.