ಪೇಪರಣ್ಣ ಬೆಲ್ ಒತ್ತಿದ ಬೆಳಗು

ಮಾವನವರಿಗೆ ದಿನಕ್ಕೆ ಮೂರು ಪೇಪರು ಬೇಕು. ಒಂದು ಸರಕಾರವನ್ನು ಹೊಗಳುವುದು, ಒಂದು ಬೈಯುವುದು, ಇನ್ನೊಂದು ಎರಡೂ ಕಡೆ ತಲೆಯಾಡಿಸುವುದು. ಮೂರನ್ನೂ ಓದಿ ಮುಗಿಸಿ, "ನೋಡು, ಎಲ್ಲರ ಮಾತೂ ಕೇಳಿದ ಹಾಗಾಯ್ತು" ಎಂದು ಕನ್ನಡಕ ಮಡಿಚಿಡುವರು. ಮೂರಕ್ಕೂ ಒಬ್ಬನೇ ಧಣಿ ಎಂದು ಸೊಸೆ ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಂಡವರಲ್ಲ.

"ಒಬ್ಬನೇ ಆಗಿದ್ರೆ ಒಂದು ಹೊಗಳಿ ಇನ್ನೊಂದು ಯಾಕಮ್ಮ ಬೈಯತ್ತೆ?"

"ಹೊಗಳೋರೂ ಕೊಳ್ಳಬೇಕು, ಬೈಯೋರೂ ಕೊಳ್ಳಬೇಕಲ್ಲ ಮಾವ."

ಸೊಸೆ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಅದನ್ನು ಮುಚ್ಚಿ ಜಾಗ ಮಾರುವ ಹುನ್ನಾರ ನಗರಸಭೆಯಲ್ಲಿ ನಡೆದಿತ್ತು. ಕೊಳ್ಳಲು ಬಾಯಿಬಿಟ್ಟು ಕೂತಿದ್ದವನು ಧಣಿಯ ಭಾವಮೈದ. ಚುನಾವಣೆ ಹತ್ತಿರವಿತ್ತು, ಯಾರ ಫೋಟೋ ಎಷ್ಟು ದೊಡ್ಡದಾಗಿ ಬರಬೇಕೆನ್ನುವುದು ಧಣಿಯ ಕೈಯಲ್ಲಿತ್ತು. ಹಾಗಾಗಿ ಸದಸ್ಯರು ಯಾರೂ ತುಟಿಪಿಟಕ್ಕೆನ್ನಲಿಲ್ಲ. ಮುಚ್ಚುವ ಮುಂಚೆ ಜನರ ಆಕ್ಷೇಪಣೆ ಕೇಳುವ ಸಭೆ ಒಂದು ಆಗಲೇಬೇಕಿತ್ತು. ಯಾರೂ ಬರದಿದ್ದರೆ ಎಲ್ಲರಿಗೂ ಒಪ್ಪಿಗೆಯೆಂದೇ ಅರ್ಥ. ಆ ಸಭೆಯ ಸುದ್ದಿ ಮೂರು ಪೇಪರಿನಲ್ಲೂ ಒಂದು ಸಾಲಿಲ್ಲ.

"ಪೇಪರಲ್ಲಿ ಬಂದಿಲ್ಲ ಅಂದ್ಮೇಲೆ ಮುಚ್ಚಲ್ಲ ಬಿಡು" ಎಂದರು ಮಾವ, ಅಲ್ಲಿ ಕೆಲಸ ಮಾಡುವವಳಿಗೇ.

ಸಭೆಯ ಹಿಂದಿನ ದಿನ ಅವಳು ಕರಪತ್ರ ಮಾಡಿಸಿಕೊಂಡು ನಸುಕಿನಲ್ಲೇ ಪೇಪರಣ್ಣನ ಹತ್ತಿರ ಹೋದಳು. ಪೇಪರಣ್ಣ ಎಂದರೆ ಆ ಬಡಾವಣೆಗೆಲ್ಲ ಪೇಪರು ಹಾಕುವವನು. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ, ಜೊತೆಯವರ ನಡುವೆ ಕೂತು ಪುರವಣಿ ಸೇರಿಸುತ್ತಿದ್ದ. ಕರಪತ್ರವನ್ನು ಓದಿ, ಮಡಿಚಿ, ವಾಪಸು ಕೊಟ್ಟ.

"ಬೇಜಾರು ಮಾಡ್ಕೋಬೇಡಿ ಸಿಸ್ಟರ್. ಪೇಪರಿನೋರು ಹೇಳದೇ ಇರೋದನ್ನ ಒಳಗಿಟ್ರೆ ಏಜೆನ್ಸಿ ಹೋಗತ್ತೆ. ಪಕ್ಕದ ಬಡಾವಣೆಯವನು ಒಂದು ಟ್ಯೂಷನ್ ಚೀಟಿ ಇಟ್ಟಿದ್ದಕ್ಕೆ ಮೂರೂ ಪೇಪರು ಒಟ್ಟಿಗೆ ನಿಂತೋದ್ವು. ಬೇರೆ ಧಣಿ ಹತ್ರ ಹೋಗೋಣ ಅಂದ್ರೆ, ಬೇರೆಯವರು ಇದ್ರೆ ತಾನೆ?"

ಅವನ ಹೊಟ್ಟೆಪಾಡು ಅವಳಿಗೆ ಅರ್ಥವಾಯಿತು. ಡ್ಯೂಟಿ ಮುಗಿಸಿ ಕೈಲಾದಷ್ಟು ಮನೆಗೆ ತಾನೇ ಹಂಚಿದಳು. ಕಾಲು ಸೋತಿತು, ಕಟ್ಟು ಕರಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮಕ್ಕಳ ಡಬ್ಬಿ ತುಂಬುತ್ತಿರುವಾಗ ಬೆಲ್ ಆಯಿತು. ಸೈಕಲ್ ಮೇಲಿಂದಲೇ ಗುರಿಯಿಟ್ಟು ಪೇಪರು ಎಸೆಯುವ ಪೇಪರಣ್ಣ ಬಾಗಿಲಲ್ಲಿ ನಿಂತಿದ್ದ. ಮಾವ ಗೊಣಗುತ್ತ ಎದ್ದು ಹೋದರು.

"ಏನಯ್ಯಾ, ಕೈ ನೋವಾ? ಎಸೆಯೋಕಾಗಲ್ವಾ?"

"ಕೈ ಚೆನ್ನಾಗಿದೆ ಯಜಮಾನ್ರೇ. ಇವತ್ತು ಹನ್ನೊಂದಕ್ಕೆ ನಗರಸಭೇಲಿ ಮೀಟಿಂಗು. ಹೆರಿಗೆ ಆಸ್ಪತ್ರೆ ಮುಚ್ಚೋದಕ್ಕೆ. ಬೇಡ ಅನ್ನೋರು ಬಂದು ಹೇಳ್ಬೇಕಂತೆ."

"ಪೇಪರಲ್ಲಿ ಬಂದಿದೆಯಾ?"

"ಪೇಪರ್ ತಂದವನೇ ಹೇಳ್ತಿದೀನಲ್ಲ."

ಸೊಸೆ ಚಮಚ ಹಿಡಿದುಕೊಂಡೇ ಹೊರಗೆ ಬಂದಳು. ಅವನು ನಕ್ಕ. "ಪೇಪರೊಳಗೆ ಏನೂ ಇಡಬಾರದು ಅಂದಿದ್ದಾರೆ ಸಿಸ್ಟರ್. ಬಾಯಿ ಬಿಡಬಾರದು ಅಂದಿಲ್ಲ. ನನ್ನ ಮಗಳನ್ನ ಮೊದಲು ಎತ್ಕೊಂಡೋರು ನೀವೇ ಅಲ್ವಾ." ಅಷ್ಟರಲ್ಲಿ ಎದುರು ಮನೆಯ ಬೆಲ್ ಆಯಿತು, ಆಮೇಲೆ ಮೂಲೆಮನೆಯದು. ಅವನ ಜೊತೆಯವರೆಲ್ಲ ಬೀದಿಬೀದಿಯಲ್ಲಿ ಸೈಕಲ್ ನಿಲ್ಲಿಸಿ ಬಾಗಿಲು ಬಡಿಯುತ್ತಿದ್ದರು.

ಹನ್ನೊಂದಕ್ಕೆ ಸಭಾಂಗಣದಲ್ಲಿ ಕುರ್ಚಿ ಸಾಲಲಿಲ್ಲ. ಮಾವ ಕಂಕುಳಲ್ಲಿದ್ದ ಮೂರು ಪೇಪರನ್ನೂ ನೆಲಕ್ಕೆ ಹಾಸಿ ಕೂತರು. ತಮ್ಮ ಸರದಿ ಬಂದಾಗ ಎದ್ದು ನಿಂತು, "ನನ್ನ ಮೊಮ್ಮಕ್ಕಳು ಹುಟ್ಟಿದ್ದು ಆ ಆಸ್ಪತ್ರೇಲಿ. ನಾನು ಮೂರು ಪೇಪರ್ ಓದೋನು. ಮುಚ್ಚೋ ವಿಷಯ ಮೂರರಲ್ಲೂ ಯಾಕಿಲ್ಲ ಅಂತ ಯಾರಾದ್ರೂ ಹೇಳ್ತೀರಾ?" ಎಂದರು. ಅಧ್ಯಕ್ಷರು ನೀರು ಕುಡಿದರು. ಮಧ್ಯಾಹ್ನದ ಹೊತ್ತಿಗೆ, ಇಷ್ಟು ಜನರ ವಿರೋಧವಿರುವುದರಿಂದ ಪ್ರಸ್ತಾವವನ್ನು ಕೈಬಿಟ್ಟಿದ್ದೇವೆ ಎಂದು ಓದಿ ಹೇಳಿದರು.

ಮರುದಿನದ ಪೇಪರುಗಳಲ್ಲಿ ಅದೂ ಬರಲಿಲ್ಲ. ಮಾವ ಮೂರನ್ನೂ ಹಿಂದುಮುಂದಾಗಿ ತಿರುವಿದರು. "ನಾನೇ ಅಲ್ಲಿ ಕೂತಿದ್ನಲ್ಲಮ್ಮ" ಎಂದು ಮೆಲ್ಲಗೆ ಹೇಳಿದರು. ಸೊಸೆ ಅವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು.

ಅದರ ಮಾರನೆಯ ಬೆಳಿಗ್ಗೆ ಪೇಪರು ಬರುವ ಮುಂಚೆಯೇ ಮಾವ ಎರಡು ಲೋಟ ಚಹಾ ಹಿಡಿದು ಗೇಟಿನಲ್ಲಿ ನಿಂತಿದ್ದರು. ಪೇಪರಣ್ಣ ಎಸೆಯಲು ಎತ್ತಿದ ಕೈಯನ್ನು ಇಳಿಸಿದ. ಅವನಿಗೊಂದು ಲೋಟ ಕೊಟ್ಟು, ಪೇಪರನ್ನು ಬಿಚ್ಚದೆ ಕಂಕುಳಿಗೆ ಸಿಕ್ಕಿಸಿಕೊಂಡು, ಮಾವ ಕೇಳಿದರು:

"ಮತ್ತೇನಪ್ಪಾ ಸಮಾಚಾರ?"