ಬಾಂಬೆ ತಾಯಿಯ ಹೆಗಲು

ಮತ್ತೆ ತಿರುಗಿದಳು ಆ ಬಾಂಬೆ ಚಿತ್ರದ ತಾಯಿ, ಟೀವಿಯ ಗಾಜಿನೊಳಗೆ, ಮಗ ಬಾಗಿಲಲ್ಲಿ ನಿಂತು ಅಮ್ಮಾ ಎನ್ನುತ್ತಿದ್ದಾನೆ, ಅವಳು ತುಟಿ ಪಿಟಕ್ಕೆನ್ನದೆ ಸೆರಗಿನ ತುದಿ ಹಿಡಿದು ಹೆಗಲ ಮೇಲಿಂದ ಹಿಂದಕ್ಕೆ ಬೀಸಿ ಒಳಗೆ ನಡೆದುಬಿಟ್ಟಳು — ಮಿನತಿಯ ಕೈಯಲ್ಲಿದ್ದ ಚಹಾದ ಮಣ್ಣಿನ ಕುಡಿಕೆ ಬಾಯಿಗೆ ಹೋಗದೆ ನಡುವೆಯೇ ನಿಂತಿತು, ಏನಿದು, ಎಲ್ಲಿ ನೋಡಿದ್ದೇನೆ ಇದನ್ನು, ನೋಡಿಲ್ಲ, ಕೇಳಿದ್ದೇನೆ. ಪ್ರಣಬೇಶ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸುತ್ತಿದ್ದಾನೆ, ಟಾಲಿಗಂಜಿನ ಬಂಗಾಳಿ ಸ್ಟುಡಿಯೋಗಳಲ್ಲಿ ಈಗ ನಿರ್ದೇಶಕನೆಂದರೆ ಕ್ಯಾಸೆಟ್ ಹಾಕಿ ತೋರಿಸುವವನು, ಮೂವತ್ತು ವರ್ಷದ ಹಿಂದೆ ಬಾಂಬೆಯಲ್ಲಿ ಓಡಿದ್ದನ್ನು ಬಂಗಾಳಿಯಲ್ಲಿ ಹಾಗೆಯೇ ಇಳಿಸುವವನು, ಶಾಟಿಗೆ ಶಾಟು, ಉಸಿರಿಗೆ ಉಸಿರು, ಈ ತಾಯಿಯ ಪಾತ್ರ ಮಿನತಿಗೆ, ಅವರ ತಲೆ ನೋಡಿ ಮಿನತಿದಿ ಎನ್ನುತ್ತಾನೆ, ನಮ್ಮೋರಾಗಿದ್ರೆ ಇಲ್ಲಿ ಎರಡು ಪುಟ ಡೈಲಾಗ್ ಗೀಚ್ತಿದ್ರು, ಬಾಂಬೆಯವರು ತಾಯಿ ಬಾಯನ್ನೇ ಮುಚ್ಚಿಸಿದ್ರು, ನಮಗೆಲ್ಲಿ ಹೊಳೀಬೇಕು ಇದು. ಹಿತ್ತಲ ಗಿಡ ಮದ್ದಲ್ಲ, ಮಹರಾಯ, ಎಂದುಕೊಂಡಳು ಮಿನತಿ, ಹೊಳೆಯುವುದೇನು ಬಂತು, ಮರೆತುಹೋಗಿತ್ತು ಅಷ್ಟೇ, ಅಮ್ಮನಿಗೆ ಮಾತು ಮರೆತುಹೋಗಿತ್ತು.

ಅಮ್ಮ, ಇಂದುಪ್ರಭಾ, ಇದೇ ಸ್ಟುಡಿಯೋ, ಇದೇ ಕಥೆ, ಇದೇ ತಾಯಿಯ ಪಾತ್ರ, ಮೊದಲ ಸಲ ಬಂಗಾಳಿಯಲ್ಲೇ ಚಿತ್ರವಾದದ್ದು, ಈಗ ಯಾರಿಗೂ ನೆನಪಿಲ್ಲ — ಬಟ್ಟಲು ತುಂಬ ಪುಟ್ಟ ಮೀನು ಹಾಕಿಕೊಂಡು ಈಳಿಗೆ ಮಣೆಯ ಮುಂದೆ ಕೂತು ಅಮ್ಮ ಚಿಕ್ಕಮ್ಮನಿಗೆ ಹೇಳುತ್ತಾಳೆ, ಎಂಟು ವರ್ಷದ ಮಿನತಿ, ಸಿನಿಮಾಕ್ಕೆ ಯಾರೂ ಕರೆದೊಯ್ಯದ ಮಗು, ಬಾಗಿಲ ಸಂದಿಯಲ್ಲಿ, ಅಯ್ಯೋ ಒಂದಕ್ಷರ ಬಾಯಿಗೆ ಬರಲಿಲ್ಲ ಕಣೇ, ಕ್ಯಾಮೆರಾ ಓಡ್ತಾ ಇದೆ, ಏನ್ ಮಾಡ್ಲಿ, ಸೆರಗಿಗೆ ಬೀಗದ ಕೈ ಗೊಂಚಲು ಕಟ್ಟಿತ್ತಲ್ಲ, ಎತ್ತಿ ಬೆನ್ನಿಗೆ ಎಸೆದು ಒಳಗೆ ನಡೆದ್ಬಿಟ್ಟೆ, ಡೈರೆಕ್ಟರು ಬೈತಾರೆ ಅಂದ್ಕೊಂಡ್ರೆ ಕೈ ಮುಗಿದ್ರು. ನಕ್ಕಳು, ಮೀನಿನ ಹೊಳಪು ಅವಳ ಮುಂಗೈಗೆ ಅಂಟಿತ್ತು. ಮರುವರ್ಷ ಅಮ್ಮ ಮೂವತ್ತೆರಡಕ್ಕೇ ತೀರಿಕೊಂಡಳು, ಹತ್ತು ವರ್ಷ ಕಳೆದು ಬಾಂಬೆಯವರು ಕಥೆ ಕೊಂಡರು, ಅಮ್ಮನ ಚಿತ್ರವನ್ನು ತರಿಸಿಕೊಂಡು ಹಾಕಿ ಹಾಕಿ ನೋಡಿದರಂತೆ, ಅವರು ವಾಪಸು ಕಳಿಸಿದ ಮೇಲೆ ಇಲ್ಲಿ ಗೋದಾಮಿಗೆ ಬೆಂಕಿ ಬಿದ್ದು ಅಮ್ಮನ ರೀಲುಗಳೆಲ್ಲ ಬೂದಿ, ಬಾಂಬೆ ಚಿತ್ರ ಬಂದಾಗ ಮಿನತಿ ನಾಟಕ ಕಂಪನಿಯ ಜೊತೆ ಊರೂರು ಅಲೆಯುತ್ತಿದ್ದಳು, ಆಮೇಲೆ ಹಟಕ್ಕೆ ನೋಡಲಿಲ್ಲ, ನಮ್ಮದನ್ನು ಹೊತ್ತುಕೊಂಡು ಹೋದವರದ್ದನ್ನು ನಾನ್ಯಾಕೆ ನೋಡಲಿ ಎಂದು. ಮನೆಯಲ್ಲಿ ಅಮ್ಮನ ಫೋಟೋ ಎರಡಿವೆ, ಎರಡರಲ್ಲೂ ನಿಂತಿದ್ದಾಳೆ. ಅಮ್ಮ ಹೇಗೆ ನಡೆಯುತ್ತಿದ್ದಳು, ಹೇಗೆ ತಿರುಗುತ್ತಿದ್ದಳು, ನೆನಪು ಅಳಿಸಿಹೋಗಿದೆ, ಐವತ್ತು ದಾಟಿದರೂ ಇದೊಂದೇ ಆಸೆ, ಒಂದು ಸಲ, ಒಂದೇ ಒಂದು ಸಲ ಅಮ್ಮ ನಡೆಯುವುದನ್ನು ನೋಡಬೇಕು, ಯಾರನ್ನು ಕೇಳಲಿ.

ಮತ್ತೆ ಆ ಕೈ ಎದ್ದಿತು ಗಾಜಿನೊಳಗೆ. ಹೆಗಲು ನೋಡು ಮಿನತಿ, ಹೆಗಲು — ಬಾಂಬೆಯವಳ ಸೆರಗಿನಲ್ಲಿ ಏನೂ ಇಲ್ಲ, ಬರೀ ಬಟ್ಟೆ, ಆದರೂ ಬೀಸಿದ ಮೇಲೆ ಹೆಗಲು ಚೂರು ತಗ್ಗುತ್ತದೆ, ಭಾರ ಬಿದ್ದ ಹಾಗೆ, ಇಲ್ಲದ ಭಾರವನ್ನು ಯಾರು ಹೊರುತ್ತಾರೆ, ಆಹಾ, ಇವಳು ಅಮ್ಮನನ್ನು ಎಷ್ಟು ಸಲ ನೋಡಿರಬೇಕು, ಕತ್ತಲಲ್ಲಿ ಕೂತು, ಎಷ್ಟು ಭಕ್ತಿಯಿಂದ ಕದ್ದಿರಬೇಕು, ಬೀಗದ ಕೈ ಬಿಟ್ಟುಹೋಯಿತು, ತೂಕ ಮಾತ್ರ ಬಂತು, ಇಷ್ಟು ವರ್ಷ ಬೈದುಕೊಂಡವಳನ್ನು ಈಗ ಕಾಲಿಗೆ ಬಿದ್ದು ಕೇಳಬೇಕೆನಿಸುತ್ತಿದೆ, ತಾಯಿ, ಇನ್ನೇನೇನು ಉಳಿಸಿಕೊಂಡಿದ್ದೀಯ ನನ್ನಮ್ಮನದು. ಬೀಗದ ಕೈ ಬೇಕು ಪ್ರಣಬೇಶ, ಎಂದಳು. ಅವನು ಕ್ಯಾಸೆಟ್ಟಿನ ಕಡೆ ಕೈ ತೋರಿಸಿದ, ಅಲ್ಲಿ ಇಲ್ವಲ್ಲ ಮಿನತಿದಿ, ನೀವು ಬಾಂಬೆಗಿಂತ ದೊಡ್ಡೋರಾಗ್ಬೇಡಿ, ಇರೋದು ಒಂದೇ ಟೇಕಿನ ಫಿಲಮ್ಮು, ಆಗಲ್ಲ ಅಂದ್ರೆ ಇನ್ನೊಬ್ಬರು ಮೇಕಪ್ ಹಾಕ್ಕೊಂಡು ಕೂತಿದ್ದಾರೆ. ಇದೆ, ಹೆಗಲು ನೋಡು, ಎಂದಳು. ನೋಡಿದ. ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡಿದ, ನಿಮಗೆ ಹೇಗ್ ಗೊತ್ತಾಯ್ತು. ಅದು ನಮ್ಮಮ್ಮ ಕಣೋ. ಕಥೆಯೆಲ್ಲ ಹೇಳುವ ಹೊತ್ತಿಗೆ ಅವನು ತನ್ನ ಕುರ್ಚಿ ಬಿಟ್ಟು ಎದ್ದು ನಿಂತಿದ್ದ, ಅವಳು ಚೀಲದಿಂದ ಮನೆಯ ಬೀಗದ ಕೈಗಳನ್ನು ತೆಗೆದು ಸೆರಗಿಗೆ ಕಟ್ಟಿದಾಗ ದೀಪದವರಿಗೆ ಕೈ ಬೀಸಿದ.

ದೀಪ ಹಚ್ಚಿದರು, ಬೆನ್ನ ಹಿಂದಿನಿಂದ ಬೆಂಕಿಯಂಥ ದೀಪ, ಎದುರಿಗೆ ಸುಣ್ಣ ಬಳಿದ ಹಲಗೆಯ ಗೋಡೆ, ಬಾಗಿಲಲ್ಲಿ ಆ ಹೀರೋ ಹುಡುಗ ಅಮ್ಮಾ ಅಂದ, ಮಾತಾಡಬಾರದು, ಮಾತೇ ಇಲ್ಲ, ಅಮ್ಮನಿಗೂ ಇರಲಿಲ್ಲ, ತಿರುಗಿದಳು, ಗೋಡೆಯ ತುಂಬ ನೆರಳು, ನೆರಳಿಗೆ ನರೆಯಿಲ್ಲ, ಸುಕ್ಕಿಲ್ಲ, ಐವತ್ತೊಂದೂ ಇಲ್ಲ, ಮೂವತ್ತೆರಡರ ಹೆಂಗಸೊಬ್ಬಳು ಗೋಡೆಯ ಮೇಲೆ ನಡೆದುಬರುತ್ತಿದ್ದಾಳೆ, ಹೀಗೆ ನಡೆಯುತ್ತಿದ್ದೆಯಾ ಅಮ್ಮ, ಹೀಗೆಯೇ, ಕೈ ಎತ್ತಿದಳು, ಹೆಗಲು ತಗ್ಗಿತು — ಕಟ್ ಎಂದರೋ ಇಲ್ಲವೋ — ಆ ಕೈ, ಗೋಡೆಯ ಮೇಲೆ ಆ ಕೈ, ಇನ್ನೂ ಇಳಿಸಿಲ್ಲ, ಇಳಿಸಿದರೆ ಅಮ್ಮ ಹೋಗಿಬಿಡುತ್ತಾಳೆ, ಇಳಿಸಲಾರಳು, ಆ ಕೈ —