ಹದಿನಾಲ್ಕು ತಿಂಗಳು, ಒಂಬತ್ತು ಕಿಲೊ

"ನೋಡು, ನೋಡಿ ಕಲಿ," ಎಂದು ಸೊಸಾಯ ಕೈಯಲ್ಲಿದ್ದ ಹಂದಿಮಾಂಸದ ತುಂಡನ್ನು ಹೆಂಡತಿಯತ್ತ ಆಡಿಸಿದ. "ಐದೇ ತಿಂಗಳಲ್ಲಿ ನಿನ್ ತಂಗಿ ಮೂವತ್ತೆಂಟು ಕಿಲೊ ಇಳಿಸ್ಕೊಂಡು ಬಂದಿದಾಳೆ. ನೀನು ವರ್ಷದ ಮೇಲಾಯ್ತು, ದಿನಾ ಬೆಳಗ್ಗೆ ರಸ್ತೆ ಸವೆಸ್ತಾ ಇದೀಯ. ರಸ್ತೆನೇ ತೆಳ್ಳಗಾಯ್ತು!"

ಊಟಕ್ಕೆ ಕೂತಿದ್ದ ನೆಂಟರೆಲ್ಲ ಗೊಳ್ಳೆಂದು ನಕ್ಕರು. ಭಾನುವಾರದ ಪ್ರಾರ್ಥನೆ ಮುಗಿದಿತ್ತು. ನೆಲದೊಲೆಯಿಂದ ಆಗತಾನೇ ತೆಗೆದ ಗೆಣಸು, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆಯ ಪೊಟ್ಟಣಗಳು ಹಬೆಯಾಡುತ್ತಿದ್ದವು. ತಾಯಿ ತೀರಿಕೊಂಡ ವರ್ಷದ ಸಮಾಧಿ ಪ್ರಾರ್ಥನೆಗೆಂದು ತಂಗಿ ಫುಸಿ ಆಕ್ಲೆಂಡಿನಿಂದ ಟೋಂಗಾಕ್ಕೆ ಬಂದು ಎರಡು ದಿನವಾಗಿತ್ತಷ್ಟೆ. ಆ ಎರಡು ದಿನವೂ ಊರಿನ ಬಾಯಲ್ಲಿ ಅವಳ ಸೊಂಟದ್ದೇ ಮಾತು.

ಹೆಂಡತಿ ಲೆಸೀಲಿ ತನ್ನ ತಟ್ಟೆಗೆ ಅರ್ಧ ಗೆಣಸು ಹಾಕಿಕೊಂಡಳು. ಅವಳಿಗೆ ಐವತ್ತೊಂದು. ಮೂವತ್ತೆಂಟನೇ ವಯಸ್ಸಿನಲ್ಲಿ, ಚರ್ಚಿನ ಇಡೀ ಗಾಯನ ಮಂಡಳಿಯ ಎದುರು ಸೊಸಾಯ ಅವಳನ್ನು ನೀರಿನ ಟ್ಯಾಂಕಿಗೆ ಹೋಲಿಸಿದ ಮೇಲೆ, ನಲವತ್ತು ದಿನ ನಿಂಬೆನೀರು, ಪಪ್ಪಾಯಿಯಲ್ಲೇ ಕಳೆದಿದ್ದಳು. ತೆಳ್ಳಗಾದಳೆಂದು ಒಂದು ತಿಂಗಳು ಅವನು ಅವಳನ್ನು ಹೋದಲ್ಲೆಲ್ಲ ಕರೆದೊಯ್ದ. ವರ್ಷ ತುಂಬುವುದರೊಳಗೆ ಹೋದ ತೂಕವೆಲ್ಲ ತಿರುಗಿ ಬಂತು, ಮೇಲೆ ಆರು ಕಿಲೊ ಸೇರಿತು. ಉದುರಿದ ಕೂದಲು ಮಾತ್ರ ಬರಲಿಲ್ಲ.

ಕಳೆದ ವರ್ಷ ಸಕ್ಕರೆ ಕಾಯಿಲೆ ಬಂದಾಗ ನರ್ಸ್ ಮೆಲೆನೈಟೆ ಹೇಳಿದ್ದಳು: "ಉಪವಾಸ ಗಿಪವಾಸ ಬೇಡ ಅಕ್ಕ. ಹಬ್ಬದಲ್ಲೂ ತಿನ್ನು, ಆದ್ರೆ ಅರ್ಧ ತಿನ್ನು. ದಿನಾ ನಡಿ. ಸಾಯೋವರೆಗೂ ಮಾಡೋಕಾಗೋದನ್ನ ಮಾತ್ರ ಮಾಡು." ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಕಿಲೊ ಹೋಗಿತ್ತು. ಸಕ್ಕರೆಯೂ ಹತೋಟಿಗೆ ಬಂದಿತ್ತು. ಚರ್ಚಿಗೆ ಹೋಗುವಾಗ ಉಡುಪಿನ ಮೇಲೆ ಸೊಂಟಕ್ಕೆ ಸುತ್ತುವ ಚಾಪೆಯ ಹಗ್ಗ ಕಟ್ಟಿದ ಮೇಲೂ ನಾಲ್ಕು ಬೆರಳು ಹೆಚ್ಚು ಉಳಿಯುತ್ತಿದ್ದದ್ದು ಅವಳೊಬ್ಬಳಿಗೇ ಗೊತ್ತಿತ್ತು.

"ನೀನೂ ಊಟದ ಬದ್ಲು ಈ ಪುಡಿ ತಗೋ ಅಕ್ಕ," ಎನ್ನುತ್ತ ಫುಸಿ ಬಾಟಲಿಯಲ್ಲಿ ಏನನ್ನೋ ಕಲಕುತ್ತಿದ್ದಳು. ತಟ್ಟೆಯಲ್ಲಿದ್ದದ್ದನ್ನು ಆ ಕಡೆಯಿಂದ ಈ ಕಡೆಗೆ ಸರಿಸುತ್ತಿದ್ದಳೇ ಹೊರತು ಒಂದು ತುತ್ತೂ ಬಾಯಿಗೆ ಹೋಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಹೊರಗೆ ಹೋದಳು.

ಎಷ್ಟು ಹೊತ್ತಾದರೂ ಬಾರದಿದ್ದಾಗ ಲೆಸೀಲಿ ಹುಡುಕಿಕೊಂಡು ಹೋದಳು. ಅಡುಗೆ ಗುಡಿಸಲಿನ ಹಿಂದೆ ಫುಸಿ ಬಲಪಕ್ಕೆ ಹಿಡಿದುಕೊಂಡು ಮಣ್ಣಿನಲ್ಲಿ ಮುದುರಿ ಬಿದ್ದಿದ್ದಳು. ಮುಖವೆಲ್ಲ ಬೆವರು. ಒಂದು ಗಳಿಗೆ, ಬರೀ ಒಂದು ಗಳಿಗೆ, ಲೆಸೀಲಿಗೆ ಒಳಗೊಳಗೇ ಹಿತವೆನಿಸಿತು. ಮರುಕ್ಷಣವೇ ಕೂಗಿ ಜನರನ್ನು ಕರೆದಳು.

ಪಿತ್ತಕೋಶದ ತುಂಬ ಕಲ್ಲು ಎಂದರು ಆಸ್ಪತ್ರೆಯಲ್ಲಿ ವೈದ್ಯರು. ತೀರಾ ಕಡಿಮೆ ತಿಂದು ಇಷ್ಟು ಬೇಗ ಇಳಿದರೆ ಹೀಗಾಗುವುದುಂಟು, ಕೋಶವನ್ನೇ ತೆಗೆಯಬೇಕು ಎಂದರು. ಸೊಸಾಯ ಮಂಚದ ಕಾಲಬಳಿ ನಿಂತು ಹೇಳಿದ: "ಏನೇ ಆಗ್ಲಿ ಫುಸಿ, ಚೆನ್ನಾಗ್ ಕಾಣ್ತೀಯ ಮಾತ್ರ." ಅಷ್ಟು ನೋವಿನಲ್ಲೂ ಫುಸಿ ನಕ್ಕಳು. ಆ ನಗು ಲೆಸೀಲಿಗೆ ಗೊತ್ತಿತ್ತು. ಹದಿಮೂರು ವರ್ಷದ ಹಿಂದೆ ಒಂದು ತಿಂಗಳು ಅದು ಅವಳದೇ ಮುಖದ ಮೇಲಿತ್ತು.

ಅವನು ಹೋದ ಮೇಲೆ ಫುಸಿ ಗೋಡೆಯ ಕಡೆ ತಿರುಗಿದಳು. "ನಮ್ ಯಜಮಾನ್ರು ಮನೆ ಬಿಟ್ಟು ಹೋದ್ರು, ಅಕ್ಕ. ನಾನು ಇಪ್ಪತ್ತು ಕಿಲೊ ಇಳಿದ ವಾರಾನೇ."

"ಯಾರ್ ಜೊತೆ?"

"ಜೊತೇಲಿ ಕೆಲಸ ಮಾಡೋಳು. ತೆಳ್ಳಗಿದಾಳೆ ಅಂದ್ಕೊಂಡ್ಯಾ? ನನ್ ಹಳೇ ಬಟ್ಟೆ ಅವಳಿಗೆ ಸರಿಯಾಗುತ್ತೆ!" ನಗಲು ಹೋಗಿ ಪಕ್ಕೆ ಹಿಡಿದುಕೊಂಡಳು.

"ಮತ್ಯಾಕೆ ನಿಲ್ಲಿಸ್ಲಿಲ್ಲ ನೀನು?"

"ಹೊಗಳೋರು ಇದ್ರಲ್ಲ. ಊಟ ಬಿಟ್ಮೇಲೆ ಅದೊಂದೇ ತಾನೆ ಹೊಟ್ಟೆಗೆ ಸಿಗ್ತಿದ್ದದ್ದು."

ಗುಡಿಸಲಿನ ಹಿಂದೆ ತನಗೆ ಅನ್ನಿಸಿದ್ದನ್ನು ಹೇಳಿಬಿಡಬೇಕೆಂದು ಲೆಸೀಲಿಯ ನಾಲಿಗೆಯವರೆಗೂ ಬಂತು. ತಂಗಿಯ ಪಾದ ತಣ್ಣಗಿತ್ತು. ಅದನ್ನು ಉಜ್ಜುತ್ತ ಕೂತಳು.

ಶಸ್ತ್ರಚಿಕಿತ್ಸೆಯಾಗಿ ಮೂರು ವಾರದ ಮೇಲೆ ಒಂದು ಬೆಳಗ್ಗೆ ಫುಸಿ ತಾನೂ ನಡೆಯಲು ಬರುತ್ತೇನೆಂದು ಹೊರಟಳು. ಚರ್ಚಿನ ಬೇಲಿ ದಾಟುವಷ್ಟರಲ್ಲಿ ಏದುಸಿರು ಬಂತು. ಲೆಸೀಲಿ ಅವಳ ತೋಳು ಹಿಡಿದು ಹಿನ್ನೀರಿನ ದಡಕ್ಕೆ ಕರೆತಂದು ಕಲ್ಲಿನ ಮೇಲೆ ಕೂರಿಸಿದಳು. ಚೀಲದಿಂದ ಎಲೆಯಲ್ಲಿ ಸುತ್ತಿದ ಸುಟ್ಟ ದೀವಿಹಲಸು ಮತ್ತು ಮೀನು ತೆಗೆದು ಅವಳ ಮಡಿಲಲ್ಲಿಟ್ಟಳು.

ಫುಸಿ ಅದನ್ನೇ ನೋಡುತ್ತಿದ್ದಳು. "ಎಷ್ಟು ತಿನ್ಲಿ?"

"ಹಸಿವು ಹೋಗೋಷ್ಟು."

"ಅದು ಎಷ್ಟು ಅಂತಾನೇ ಮರ್ತೋಗಿದೆ ಅಕ್ಕ," ಎಂದಳು ನಲವತ್ತೇಳರ ಫುಸಿ.

ಬೆರಳಿನಿಂದ ಹಲಸಿನ ಒಂದು ಚೂರು ಮುರಿದಳು. ಲೆಸೀಲಿ ಮುಖವನ್ನು ನೀರಿನ ಕಡೆಗೆ ತಿರುಗಿಸಿಕೊಂಡಳು. ಕಡಲಿಳಿತದ ಹೊತ್ತು. ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬಾಗಿ ಚಿಪ್ಪು ಆಯುತ್ತಿದ್ದರು. ಪಕ್ಕದಲ್ಲಿ ತಂಗಿ ನಿಧಾನವಾಗಿ ಅಗಿಯುವ ಸದ್ದು ಕೇಳುತ್ತಿತ್ತು. ಅದು ನಿಲ್ಲುವವರೆಗೂ ಅವಳು ಈ ಕಡೆ ತಿರುಗಲಿಲ್ಲ.